ಪಂಡಿತಾ ರಮಾಬಾಯಿಯವರ ಧಾರ್ಮಿಕ ಜೀವನ

ಪಂಡಿತಾ ರಮಾಬಾಯಿ (23 ಏಪ್ರಿಲ್ 1858 – 5 ಏಪ್ರಿಲ್ 1922) ಸಂಸ್ಕೃತ ವಿದುಷಿ, ಸಮಾಜ ಸುಧಾರಕಿ, ಲೇಖಕಿ ಹಾಗೂ ಬೈಬಲ್ ಅನುವಾದಕಿ. ಇಂದಿನ ಕರ್ನಾಟಕದ ಪಶ್ಚಿಮ ಘಟ್ಟಗಳಲ್ಲಿ ಜನಿಸಿದ ಇವರು ಪುಣೆಯ ಬಳಿಯ ಕೇಡಗಾಂವ್‌ನಲ್ಲಿ ಸ್ಥಾಪಿಸಿದ 'ಮುಕ್ತಿ' ಆಶ್ರಮದಿಂದ ಪ್ರಸಿದ್ಧರಾದರು. ಇವರ ಸಾಮಾಜಿಕ ಕಾರ್ಯಗಳ ಕುರಿತು ಸಾಕಷ್ಟು ಬರಹಗಳಿವೆ. ಈ ಲೇಖನವು ಮುಖ್ಯವಾಗಿ ಅವರ ಧಾರ್ಮಿಕ ಅನ್ವೇಷಣೆಯನ್ನು ಕುರಿತದ್ದು: ಬಾಲ್ಯದ ತೀರ್ಥಯಾತ್ರೆ, ಕ್ಷಾಮ, ಅನಾಥಸ್ಥಿತಿ, ಅಲ್ಪಕಾಲದ ದಾಂಪತ್ಯ, ವೈಧವ್ಯ, ಪರದೇಶವಾಸ, ಮಗಳ ಮರಣ ಎಂಬ ಒಂದರ ಹಿಂದೊಂದು ಬಂದ ಕಾಲಘಟ್ಟಗಳಲ್ಲಿ ಅವರು ಕ್ರೈಸ್ತ ವಿಶ್ವಾಸವನ್ನು ಹೇಗೆ ತಲುಪಿದರು, ಅದರಲ್ಲಿ ಯಾವ ಬಗೆಯ ಶಾಂತಿಯನ್ನೂ ಜೀವನೋದ್ದೇಶವನ್ನೂ ಕಂಡುಕೊಂಡರು ಎಂಬುದು ಇಲ್ಲಿನ ವಿಷಯ. ರಮಾಬಾಯಿಯವರು ದೀಕ್ಷಾಸ್ನಾನ ಪಡೆದದ್ದು 1883ರಲ್ಲಿ. ಆದರೆ ಮನಸ್ಸಿಗೆ ನೆಮ್ಮದಿ ದೊರೆತದ್ದು ಸುಮಾರು ಎಂಟು ವರ್ಷಗಳ ಅನಂತರ ಎಂದು ಅವರೇ ಬರೆದಿದ್ದಾರೆ. ಇವೆರಡರ ನಡುವಿನ ಅಂತರವನ್ನು ಗಮನಿಸದೆ ಅವರ ಮತಾಂತರವನ್ನು ಅರ್ಥಮಾಡಿಕೊಳ್ಳುವುದು ಕಷ್ಟ.

ಹುಟ್ಟು ಮತ್ತು ಯಾತ್ರೆಯ ಬಾಲ್ಯ

ರಮಾಬಾಯಿಯವರ ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಬಳಿಯ ಮಾಳ ಗ್ರಾಮದವರು, ಚಿತ್ಪಾವನ ಬ್ರಾಹ್ಮಣ ಮನೆತನದವರು. ಪುಣೆಯಲ್ಲಿ ಸಂಸ್ಕೃತ ಕಲಿಯುತ್ತಿದ್ದಾಗ ತಮ್ಮ ಗುರುಗಳು ಪೇಶ್ವೆ ಮನೆತನದ ರಾಣಿಗೆ ಸಂಸ್ಕೃತ ಪಾಠ ಹೇಳುವುದನ್ನು ಕಂಡ ಅವರು, ತಮ್ಮ ಪತ್ನಿಗೂ ವಿದ್ಯೆ ಕಲಿಸಬೇಕೆಂದು ನಿಶ್ಚಯಿಸಿದರು. ಎರಡನೆಯ ಪತ್ನಿ ಲಕ್ಷ್ಮೀಬಾಯಿಯವರಿಗೆ ಸಂಸ್ಕೃತ ಕಲಿಸಲು ಆರಂಭಿಸಿದಾಗ ಊರಿನ ವೈದಿಕರಿಂದ ವಿರೋಧ ಎದುರಾಯಿತು. ಉಡುಪಿಯಲ್ಲಿ ವಿದ್ವಾಂಸರ ಮುಂದೆ ತಮ್ಮ ನಿಲುವನ್ನು ಅವರು ಶಾಸ್ತ್ರಾಧಾರಗಳಿಂದ ಸಮರ್ಥಿಸಿಕೊಂಡರೆಂದು ತಿಳಿದುಬರುತ್ತದೆ. ಮುಂದೆ ಘಟ್ಟದ ಮೇಲಿನ ಗಂಗಾಮೂಲದ ಕಾಡಿನಲ್ಲಿ ಮನೆ ಕಟ್ಟಿಕೊಂಡು, ವಿದ್ಯಾರ್ಥಿಗಳನ್ನು ಇಟ್ಟುಕೊಂಡು ಪಾಠ ಹೇಳತೊಡಗಿದರು. ರಮಾಬಾಯಿ ಹುಟ್ಟಿದ್ದು ಅಲ್ಲಿಯೇ.

ಅತಿಥಿ ಸತ್ಕಾರದಲ್ಲಿಯೇ ಆಸ್ತಿ ಕರಗಿದ್ದರಿಂದ ಮಗುವಿಗೆ ಆರು ತಿಂಗಳಾಗಿದ್ದಾಗ ಕುಟುಂಬವು ಗಂಗಾಮೂಲವನ್ನು ಬಿಟ್ಟಿತು. ಬೆತ್ತದ ದೊಡ್ಡ ಬುಟ್ಟಿಯಲ್ಲಿ ಮಲಗಿಸಿ ತನ್ನನ್ನು ಬೆಟ್ಟದಿಂದ ಕೆಳಗಿಳಿಸಲಾಯಿತು, ಅಂದಿನಿಂದಲೇ ತನ್ನ ಯಾತ್ರಿಕ ಜೀವನ ಆರಂಭವಾಯಿತು ಎಂದು ರಮಾಬಾಯಿ ಮುಂದೆ ಬರೆದರು. ಅನಂತಶಾಸ್ತ್ರಿಗಳು ತೀರ್ಥಕ್ಷೇತ್ರಗಳಲ್ಲಿ ಪುರಾಣ ವಾಚನ ಮಾಡುತ್ತಿದ್ದರು. ಕೇಳುಗರು ಕೊಟ್ಟ ದಕ್ಷಿಣೆಯೇ ಕುಟುಂಬದ ಜೀವನೋಪಾಯ. ರಮಾಬಾಯಿಗೆ ಎಂಟು ವರ್ಷವಾದಾಗಿನಿಂದ ತಾಯಿಯೇ ಪಾಠ ಹೇಳಿದರು. ಹನ್ನೆರಡರ ವಯಸ್ಸಿಗೆ ಭಾಗವತದ 18,000 ಶ್ಲೋಕಗಳು ಅವರಿಗೆ ಕಂಠಸ್ಥವಾಗಿದ್ದವೆಂದು ಹೇಳಲಾಗುತ್ತದೆ. ಮನೆಮಾತು ಮರಾಠಿ. ಅಲೆದಾಟದಲ್ಲಿ ಕನ್ನಡ ಮತ್ತು ಹಿಂದುಸ್ತಾನಿ ಭಾಷೆಗಳು ಪರಿಚಯವಾದವು. ಬಂಗಾಳಿ ಮುಂದೆ ಕಲಿತದ್ದು.

ಕ್ಷಾಮ ಮತ್ತು ನಂಬಿಕೆಯ ಕುಸಿತ

1870ರ ದಶಕದಲ್ಲಿ ಮದ್ರಾಸ್ ಪ್ರಾಂತದಲ್ಲಿ ಕ್ಷಾಮ ತಲೆದೋರಿದಾಗ ಪುರಾಣ ಕೇಳುವವರೂ ದಕ್ಷಿಣೆ ಕೊಡುವವರೂ ಇಲ್ಲವಾದರು. ಶಾಸ್ತ್ರಿಗಳ ಕುಟುಂಬಕ್ಕೆ ಬೇರೆ ಕಸುಬು ತಿಳಿದಿರಲಿಲ್ಲ. ಕೂಲಿ ಮಾಡುವುದೂ ಭಿಕ್ಷೆ ಬೇಡುವುದೂ ಅವರಿಗೆ ಒಗ್ಗದ ಸಂಗತಿಗಳು. ಉಳಿದ ಹಣವನ್ನು ದೇವರ ಅನುಗ್ರಹಕ್ಕಾಗಿ ದಾನ, ವ್ರತ, ಪೂಜೆಗಳಿಗೆ ವ್ಯಯಿಸಿದರು. ಬಳಿಕ ಪಾತ್ರೆ, ಒಡವೆ, ಬಟ್ಟೆಗಳನ್ನು ಮಾರಿದರು. ಕೊನೆಗೆ ಕಾಡಿನಲ್ಲಿ ಎಲೆಗಳನ್ನು ತಿಂದು ದಿನಗಳನ್ನು ಕಳೆದರು. ಅನಂತಶಾಸ್ತ್ರಿಗಳು ಜಲಸಮಾಧಿಗೆ ಸಿದ್ಧರಾದರು. ಕೂಲಿಯನ್ನಾದರೂ ಮಾಡಿ ಎಲ್ಲರನ್ನೂ ಸಾಕುತ್ತೇನೆಂದು ಮಗ ಶ್ರೀನಿವಾಸ ಹೇಳಿದ ಮೇಲೆ ಆ ಯೋಚನೆಯನ್ನು ಬಿಟ್ಟರು. ಕೆಲವೇ ದಿನಗಳಲ್ಲಿ, 1874ರಲ್ಲಿ, ಅವರು ತೀರಿಕೊಂಡರು.

ತಂದೆಯ ಕೊನೆಯ ಮಾತುಗಳನ್ನು ರಮಾಬಾಯಿ ಜೀವನವಿಡೀ ಮರೆಯಲಿಲ್ಲ. ಕಿರಿಯ ಮಗಳನ್ನು ಅಪ್ಪಿಕೊಂಡು, ಎಲ್ಲೇ ಇದ್ದರೂ ಗೌರವದಿಂದ ಬಾಳಬೇಕು, ಆಯುಷ್ಯವೆಲ್ಲ ದೇವರ ಸೇವೆ ಮಾಡಬೇಕು ಎಂದು ಅವರು ಹೇಳಿದ್ದರು. ಯಾವ ದೇವರು, ಎಂತಹ ಸೇವೆ ಎಂಬ ಪ್ರಶ್ನೆಗಳಿಗೆ ಮಗಳು ಮುಂದೆ ಕಂಡುಕೊಂಡ ಉತ್ತರಗಳು ತಂದೆಯ ಕಲ್ಪನೆಯಲ್ಲಿ ಇದ್ದವುಗಳಲ್ಲ. ಆದರೂ ತಾವು ಆ ಆಜ್ಞೆಯನ್ನೇ ಪಾಲಿಸುತ್ತಿದ್ದೇವೆಂದು ರಮಾಬಾಯಿ ಭಾವಿಸಿದ್ದರು.

ತಂದೆಯ ಬೆನ್ನಿಗೇ ತಾಯಿಯೂ ತೀರಿಕೊಂಡರು. ಶವ ಹೊರಲು ಇಬ್ಬರು ಬ್ರಾಹ್ಮಣರು ಮಾತ್ರ ಮುಂದೆ ಬಂದರು. ಅಣ್ಣ ಮೂರನೆಯವನಾಗಿ, ರಮಾಬಾಯಿ ತಾವೇ ನಾಲ್ಕನೆಯವರಾಗಿ ಹೆಗಲು ಕೊಟ್ಟು ಸುಮಾರು ಮೂರು ಮೈಲಿ ದೂರದ ಸ್ಮಶಾನಕ್ಕೆ ಸಾಗಿಸಿದರು. ಅಕ್ಕನ ಸಾವು ಅದರ ಮುಂದಿನದು.

ಉಳಿದ ಅಣ್ಣತಂಗಿಯರು ಕಾಶ್ಮೀರದವರೆಗೆ ಸಾವಿರಾರು ಮೈಲಿ ನಡೆದರು. ಝೇಲಂ ನದಿಯ ದಡದಲ್ಲಿ ಚಳಿ ತಡೆಯಲಾರದೆ ಮರಳಿನಲ್ಲಿ ಗುಂಡಿ ತೋಡಿ, ತಲೆಯೊಂದನ್ನು ಬಿಟ್ಟು ಮೈಯನ್ನೆಲ್ಲ ಮರಳಿನಿಂದ ಮುಚ್ಚಿಕೊಂಡು ರಾತ್ರಿ ಕಳೆದದ್ದೂ ಉಂಟು. ಶಾಸ್ತ್ರದಲ್ಲಿ ಹೇಳಿದ ಸ್ನಾನ, ಉಪವಾಸ, ವ್ರತಗಳನ್ನು ಲೋಪವಿಲ್ಲದೆ ಆಚರಿಸಿದ್ದರೂ ಫಲ ಕಾಣದಿದ್ದುದರಿಂದ ಇಬ್ಬರ ನಂಬಿಕೆಯೂ ಸಡಿಲವಾಗತೊಡಗಿತು. ಜಾತಿನಿಯಮಗಳನ್ನು ಅವರು ಇನ್ನೂ ಬಿಟ್ಟಿರಲಿಲ್ಲ. ದೇವತಾಪೂಜೆಯಲ್ಲಿ ಮಾತ್ರ ವಿಶ್ವಾಸ ಉಳಿದಿರಲಿಲ್ಲ.

ಕಲ್ಕತ್ತ, ವಿವಾಹ ಮತ್ತು ವೈಧವ್ಯ

1878ರಲ್ಲಿ ಕಲ್ಕತ್ತ ತಲುಪಿದಾಗ ಇಪ್ಪತ್ತು ವರ್ಷದ ರಮಾಬಾಯಿಯವರ ಪಾಂಡಿತ್ಯ ನಗರದ ವಿದ್ವಾಂಸರನ್ನು ಬೆರಗುಗೊಳಿಸಿತು. 'ಪಂಡಿತಾ', 'ಸರಸ್ವತಿ' ಎಂಬ ಬಿರುದುಗಳು ದೊರೆತವು. ಕ್ರೈಸ್ತರ ಕೂಟವೊಂದನ್ನು ಅವರು ಮೊದಲ ಬಾರಿಗೆ ನೋಡಿದ್ದೂ ಇಲ್ಲಿಯೇ. ನೆರೆದವರು ಕುರ್ಚಿಗಳ ಎದುರು ಮೊಣಕಾಲೂರಿ ಕಣ್ಣು ಮುಚ್ಚಿದ್ದನ್ನು ಕಂಡು, ಇವರು ಕುರ್ಚಿಗಳನ್ನು ಪೂಜಿಸುವವರಿರಬೇಕು ಎಂದುಕೊಂಡರಂತೆ! ಅಲ್ಲಿ ಅವರಿಗೆ ಸಂಸ್ಕೃತ ಬೈಬಲ್ ಒಂದನ್ನು ಕೊಡಲಾಯಿತು. ಅದರ ಭಾಷಾಶೈಲಿ ಅವರಿಗೆ ರುಚಿಸಲಿಲ್ಲ, ಅರ್ಥವೂ ಆಗಲಿಲ್ಲ.

ಸ್ತ್ರೀಯರಿಗೆ ಧರ್ಮೋಪದೇಶ ಮಾಡುವಂತೆ ಪಂಡಿತರು ಕೇಳಿಕೊಂಡಾಗ ರಮಾಬಾಯಿ ಧರ್ಮಶಾಸ್ತ್ರಗಳನ್ನು ವ್ಯವಸ್ಥಿತವಾಗಿ ಓದಿದರು. ಬಹುತೇಕ ಎಲ್ಲ ವಿಷಯಗಳಲ್ಲಿಯೂ ಶಾಸ್ತ್ರಕಾರರಲ್ಲಿ ಭಿನ್ನಾಭಿಪ್ರಾಯವಿದೆ. ಸ್ತ್ರೀಯರು ಸ್ವಭಾವತಃ ಕೆಟ್ಟವರು, ಶೂದ್ರರಂತೆ ಅವರಿಗೂ ನೇರವಾಗಿ ಮೋಕ್ಷಾಧಿಕಾರವಿಲ್ಲ ಎಂಬುದರಲ್ಲಿ ಮಾತ್ರ ಒಮ್ಮತವಿದೆ ಎಂದು ಅವರಿಗೆ ತೋರಿತು. ಬ್ರಾಹ್ಮ ನಾಯಕ ಕೇಶವಚಂದ್ರ ಸೇನರು ವೇದದ ಪ್ರತಿಯೊಂದನ್ನು ಕೊಟ್ಟು ಓದಲು ಪ್ರೋತ್ಸಾಹಿಸಿದರು. ವೇದ, ಉಪನಿಷತ್ತುಗಳ ಅಧ್ಯಯನದಿಂದ ಅತೃಪ್ತಿ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ.

1880ರಲ್ಲಿ ಅಣ್ಣ ಶ್ರೀನಿವಾಸ ಢಾಕಾದಲ್ಲಿ ತೀರಿಕೊಂಡರು. ಅದೇ ವರ್ಷ ಜೂನ್‌ನಲ್ಲಿ ರಮಾಬಾಯಿಯವರು ಬಂಗಾಳಿ ವಕೀಲ ಬಿಪಿನ್ ಬಿಹಾರಿ ಮೇಧಾವಿಯವರನ್ನು ನೋಂದಣಿ ವಿವಾಹವಾದರು. ವರ ಬ್ರಾಹ್ಮಣೇತರರಾದ್ದರಿಂದ ಈ ವಿವಾಹ ತೀವ್ರ ಟೀಕೆಗೆ ಗುರಿಯಾಯಿತು. ದಂಪತಿಗಳು ಅಸ್ಸಾಮಿನ ಸಿಲ್ಚಾರ್‌ನಲ್ಲಿ ನೆಲೆಸಿದರು. ಮನೆಯ ಪುಸ್ತಕಗಳ ನಡುವೆ ಸಿಕ್ಕಿದ ಬಂಗಾಳಿ ಭಾಷೆಯ ಲೂಕನ ಸುವಾರ್ತೆ ರಮಾಬಾಯಿಯವರ ಆಸಕ್ತಿಯನ್ನು ಸೆಳೆಯಿತು. ಬ್ಯಾಪ್ಟಿಸ್ಟ್ ಮಿಷನರಿಯೊಬ್ಬರು ಮನೆಗೆ ಬಂದು ಬೈಬಲನ್ನು ವಿವರಿಸುತ್ತಿದ್ದರು. ಪತಿಗೆ ಇದು ಇಷ್ಟವಾಗಲಿಲ್ಲ. 1881ರ ಏಪ್ರಿಲ್‌ನಲ್ಲಿ ಮಗಳು ಮನೋರಮಾ ಹುಟ್ಟಿದಳು. 1882ರ ಫೆಬ್ರವರಿಯಲ್ಲಿ ಬಿಪಿನ್ ಬಿಹಾರಿ ಕಾಲರಾಗೆ ಬಲಿಯಾದರು. ದಾಂಪತ್ಯ ಎರಡು ವರ್ಷವೂ ತುಂಬಿರಲಿಲ್ಲ.

ಇಪ್ಪತ್ತಮೂರರ ಈ ವಿಧವೆ ಮಗುವಿನೊಂದಿಗೆ ಪುಣೆಗೆ ಬಂದು 1882ರಲ್ಲಿ ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು, 'ಸ್ತ್ರೀಧರ್ಮನೀತಿ' ಎಂಬ ಮರಾಠಿ ಪುಸ್ತಕ ಪ್ರಕಟಿಸಿದರು. ಹಂಟರ್ ಶಿಕ್ಷಣ ಆಯೋಗದ ಮುಂದೆ ಹಾಜರಾಗಿ ಶಿಕ್ಷಕಿಯರ ತರಬೇತಿಗೂ ಸ್ತ್ರೀಯರ ವೈದ್ಯಕೀಯ ಶಿಕ್ಷಣಕ್ಕೂ ಒತ್ತಾಯಿಸಿದರು. ಗಮನಿಸಬೇಕಾದ ಅಂಶವೆಂದರೆ, ಮಾಡಬೇಕಾದ ಕೆಲಸ ಯಾವುದೆಂಬುದು ರಮಾಬಾಯಿಯವರಿಗೆ ಕ್ರೈಸ್ತರಾಗುವ ಮೊದಲೇ ಸ್ಪಷ್ಟವಾಗಿತ್ತು. ಕ್ರೈಸ್ತಧರ್ಮ ಅವರಿಗೆ ಸಮಾಜಸೇವೆಯನ್ನು ಕಲಿಸಿತು ಎಂಬ ಮಾತು ಅನೇಕ ಭಕ್ತಿಪರ ಜೀವನಚರಿತ್ರೆಗಳಲ್ಲಿ ಕಾಣುತ್ತದೆಯಾದರೂ ಕಾಲಾನುಕ್ರಮ ಅದನ್ನು ಸಮರ್ಥಿಸುವುದಿಲ್ಲ. ಅವರಿಗೆ ಇಲ್ಲದಿದ್ದುದು ಆ ಕೆಲಸದ ಕೆಳಗಿನ ನೆಲ.

ಇಂಗ್ಲೆಂಡ್ ಮತ್ತು ದೀಕ್ಷಾಸ್ನಾನ

ವೈದ್ಯಶಾಸ್ತ್ರ ಕಲಿಯುವ ಉದ್ದೇಶದಿಂದ ರಮಾಬಾಯಿಯವರು 1883ರಲ್ಲಿ ಮಗಳು ಮತ್ತು ಗೆಳತಿ ಆನಂದಿಬಾಯಿ ಭಗತರೊಂದಿಗೆ ಇಂಗ್ಲೆಂಡಿಗೆ ಹೋದರು. ವಾಂಟೇಜ್ ಎಂಬ ಊರಿನಲ್ಲಿದ್ದ ಸಂತ ಮೇರಿ ಕನ್ಯೆಯ ಹೆಸರಿನ ಆಂಗ್ಲಿಕನ್ ಸಂನ್ಯಾಸಿನಿಯರ ಮಠ ಅವರಿಗೆ ಆಶ್ರಯ ನೀಡಿತು. ಕಿವಿ ಮಂದವಾಗುತ್ತಾ ಬಂದದ್ದರಿಂದ ವೈದ್ಯೆಯಾಗುವ ಆಸೆ ಕೈಗೂಡಲಿಲ್ಲ. ಅದೇ ವರ್ಷ ಗೆಳತಿ ಆತ್ಮಹತ್ಯೆ ಮಾಡಿಕೊಂಡದ್ದು ಅವರನ್ನು ಕಂಗೆಡಿಸಿತು.

ಮಠದ ಸಂನ್ಯಾಸಿನಿಯರು ಲಂಡನ್ನಿನ ಫುಲ್ಹಮ್‌ನಲ್ಲಿ ಸಮಾಜವು 'ಪತಿತೆ'ಯರೆಂದು ದೂರವಿಟ್ಟ ಸ್ತ್ರೀಯರಿಗಾಗಿ ಒಂದು ಆಶ್ರಯಧಾಮ ನಡೆಸುತ್ತಿದ್ದರು. ಅಂಥವರನ್ನು ಮತ್ತೆ ಸಮಾಜದೊಳಕ್ಕೆ ಕರೆದುಕೊಳ್ಳುವ ಪ್ರಯತ್ನವನ್ನು ರಮಾಬಾಯಿ ಅಲ್ಲಿಯವರೆಗೆ ಎಲ್ಲಿಯೂ ಕಂಡಿರಲಿಲ್ಲ. ಇದಕ್ಕೆ ಪ್ರೇರಣೆ ಏನೆಂದು ಕೇಳಿದಾಗ ಯೋಹಾನನ ಸುವಾರ್ತೆಯ ನಾಲ್ಕನೆಯ ಅಧ್ಯಾಯದಲ್ಲಿ ಬರುವ, ಯೇಸುವು ಬಾವಿಯ ಬಳಿ ಸಮಾರ್ಯದ ಸ್ತ್ರೀಯೊಡನೆ ಮಾತನಾಡಿದ ಪ್ರಸಂಗವನ್ನು ಅವರಿಗೆ ಓದಿ ಹೇಳಲಾಯಿತು. ಹೀನ ಜನಾಂಗದವಳೆಂದೂ ನಡತೆಗೆಟ್ಟವಳೆಂದೂ ಪರಿಗಣಿತಳಾದ ಹೆಣ್ಣಿನೊಂದಿಗೆ ನಿಜವಾದ ಆರಾಧನೆಯ ಬಗ್ಗೆ ಚರ್ಚಿಸುವ ಈ ಕ್ರಿಸ್ತನನ್ನು, ಶಾಸ್ತ್ರಗಳಲ್ಲಿ ತಾವು ಕಂಡ ಸ್ತ್ರೀನಿಂದೆಯ ಎದುರಿಗಿಟ್ಟು ಅವರು ಯೋಚಿಸಿದರು. ಬ್ರಾಹ್ಮಣ ಮನೆತನದಿಂದಲೇ ಬಂದ ಕ್ರೈಸ್ತ ವಿದ್ವಾಂಸ ನೆಹೆಮಿಯಾ ಗೋರೆಯವರ ಬರಹಗಳು ತಾತ್ವಿಕ ಸಂದೇಹಗಳನ್ನು ಬಹುಮಟ್ಟಿಗೆ ನಿವಾರಿಸಿದವು. 1883ರ ಸೆಪ್ಟೆಂಬರ್ 29ರಂದು ತಾಯಿಮಗಳು ದೀಕ್ಷಾಸ್ನಾನ ಪಡೆದರು.

ಇಲ್ಲಿಗೆ ಅನ್ವೇಷಣೆ ಮುಗಿಯಲಿಲ್ಲ. 1884ರಿಂದ ಚೆಲ್ಟನ್‌ಹ್ಯಾಮ್ ಮಹಿಳಾ ಕಾಲೇಜಿನಲ್ಲಿ ಡೊರೋಥಿಯಾ ಬೀಲ್ ಅವರ ಆಸರೆಯಲ್ಲಿ ಕಲಿಯುತ್ತಾ ಸಂಸ್ಕೃತ ಕಲಿಸುತ್ತಿದ್ದ ದಿನಗಳಲ್ಲಿ, ತಮ್ಮ ಧಾರ್ಮಿಕ ಮಾತೆಯೆಂದು ಕರೆಯುತ್ತಿದ್ದ ಸಿಸ್ಟರ್ ಜೆರಾಲ್ಡೀನ್ ಅವರೊಂದಿಗೆ ರಮಾಬಾಯಿ ದೀರ್ಘ ಪತ್ರವ್ಯವಹಾರ ನಡೆಸಿದರು. 1977ರಲ್ಲಿ ಎ. ಬಿ. ಶಾ ಅವರ ಸಂಪಾದಕತ್ವದಲ್ಲಿ ಪ್ರಕಟವಾದ ಈ ಪತ್ರಗಳು ಓದುಗರಿಗೆ ಇಂದಿಗೂ ಅಚ್ಚರಿ ತರುತ್ತವೆ. ತ್ರಯೈಕ್ಯದಂತಹ ಸಿದ್ಧಾಂತಗಳನ್ನು ಸ್ವತಃ ಬೈಬಲಿನಲ್ಲಿ ಕಂಡು ಒಪ್ಪಬೇಕೇ ಹೊರತು ಸಭೆಯ ಆಜ್ಞೆಯೆಂದು ಒಪ್ಪಲಾರೆ ಎಂಬುದು ಅವರ ವಾದ. ಪುರೋಹಿತರ ನೊಗವನ್ನು ಒಮ್ಮೆ ಕಳಚಿಕೊಂಡ ಮೇಲೆ ಬಿಷಪ್ಪರ ಹೆಸರಿನಲ್ಲಿ ಮತ್ತೊಂದು ನೊಗಕ್ಕೆ ಕತ್ತು ಕೊಡಲು ಅವರು ಸಿದ್ಧರಿರಲಿಲ್ಲ. ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರಗಳೇ ಏಕಿರಬೇಕು, ಸಂಸ್ಕೃತವೇಕೆ ಸಲ್ಲದು ಎಂದು ಕೇಳಿದರು. ಸಸ್ಯಾಹಾರವನ್ನೂ ಬಿಡಲಿಲ್ಲ. ಅವರದು ಅಹಂಕಾರವೆಂದು ಸಿಸ್ಟರ್‌ಗೆ ತೋರಿತು. ಪತ್ರಗಳನ್ನು ಈಗ ಓದುವವರಿಗೆ ಕಾಣುವುದು ತಂದೆಯಿಂದ ಬಂದ ಶಾಸ್ತ್ರಾರ್ಥದ ಅಭ್ಯಾಸ.

ಅಮೆರಿಕ ಮತ್ತು ಶಾರದಾ ಸದನ

ಬಂಧುವಾದ ಆನಂದಿಬಾಯಿ ಜೋಶಿಯವರು ಪೆನ್ಸಿಲ್ವೇನಿಯಾದ ಮಹಿಳಾ ವೈದ್ಯಕೀಯ ಕಾಲೇಜಿನಲ್ಲಿ ಪದವಿ ಪಡೆಯುವ ಸಮಾರಂಭಕ್ಕಾಗಿ 1886ರಲ್ಲಿ ಅಮೆರಿಕಕ್ಕೆ ಹೋದ ರಮಾಬಾಯಿಯವರು ಅಲ್ಲಿ ಸುಮಾರು ಮೂರು ವರ್ಷ ಉಳಿದರು. ಮೇಲ್ಜಾತಿಯ ಹಿಂದೂ ಸ್ತ್ರೀಯರ ಸ್ಥಿತಿಯನ್ನು ಕುರಿತ ಅವರ ಇಂಗ್ಲಿಷ್ ಗ್ರಂಥ 1887ರಲ್ಲಿ ಪ್ರಕಟವಾಯಿತು. ಬಾಸ್ಟನ್ನಿನಲ್ಲಿ ರಚಿತವಾದ ರಮಾಬಾಯಿ ಸಂಘವು ವಿಧವೆಯರ ಶಾಲೆಯೊಂದಕ್ಕೆ ಹತ್ತು ವರ್ಷಗಳ ನೆರವನ್ನು ಒಪ್ಪಿಕೊಂಡಿತು. ಶಾಲೆಯಲ್ಲಿ ಧರ್ಮಪ್ರಚಾರ ಇರಬಾರದೆಂಬುದು ಷರತ್ತು.

ಅದರಂತೆ 1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ಶಾರದಾ ಸದನ ಆರಂಭವಾಗಿ, ಮರುವರ್ಷ ಪುಣೆಗೆ ಸ್ಥಳಾಂತರಗೊಂಡಿತು. ಮುಂದೆ ಮಹರ್ಷಿ ಧೋಂಡೋ ಕೇಶವ ಕರ್ವೆಯವರನ್ನು ವಿವಾಹವಾದ ಗೋದೂಬಾಯಿಯವರು ಇಲ್ಲಿಯ ಆರಂಭದ ವಿದ್ಯಾರ್ಥಿನಿಯರಲ್ಲಿ ಒಬ್ಬರು. ವಿದ್ಯಾರ್ಥಿನಿಯರಿಗೆ ತಮ್ಮ ಆಚಾರಗಳನ್ನು ಪಾಲಿಸುವ ಸ್ವಾತಂತ್ರ್ಯವಿತ್ತು.

1891ರ ಅನುಭವ

ಹೊರಗೆ ಎಲ್ಲವೂ ಸರಿಯಾಗಿ ನಡೆಯುತ್ತಿದ್ದ ಈ ದಿನಗಳಲ್ಲಿಯೇ ರಮಾಬಾಯಿಯವರಿಗೆ ಒಳಗೊಂದು ಕೊರತೆ ಕಾಡುತ್ತಿತ್ತು. ವಿಲಿಯಂ ಹ್ಯಾಸ್ಲಮ್ ಎಂಬ ಆಂಗ್ಲಿಕನ್ ಪಾದ್ರಿಯ ಆತ್ಮಕಥನ ಅವರ ಕೈಗೆ ಬಂತು. ಪಾದ್ರಿಯಾಗಿ ಅನೇಕ ವರ್ಷ ಬೋಧಿಸಿದ ಮೇಲೆ ಒಂದು ದಿನ ತನ್ನದೇ ಪ್ರವಚನದ ನಡುವೆ ಹ್ಯಾಸ್ಲಮ್ ನಿಜವಾದ ವಿಶ್ವಾಸಕ್ಕೆ ಬಂದ ವೃತ್ತಾಂತ ಅದರಲ್ಲಿದೆ. ಅದನ್ನು ಓದಿದ ರಮಾಬಾಯಿ ತಮ್ಮನ್ನೇ ಪ್ರಶ್ನಿಸಿಕೊಂಡರು. ತಮಗೆ ದೊರೆತದ್ದು ಹಿಂದಿನ ಧರ್ಮಕ್ಕಿಂತ ಉತ್ತಮವೆಂದು ತೋರಿದ ಒಂದು ಧರ್ಮ, ಆ ಧರ್ಮದ ಜೀವವಾದ ಕ್ರಿಸ್ತನು ತಮಗಿನ್ನೂ ದೊರೆತಿಲ್ಲ ಎಂಬ ತೀರ್ಮಾನಕ್ಕೆ ಬಂದರು.

1907ರಲ್ಲಿ ಇಂಗ್ಲಿಷಿನಲ್ಲಿ ಬರೆದ ತಮ್ಮ ಸಾಕ್ಷ್ಯಕಥನದಲ್ಲಿ ಅವರು ಈ ಹಂತವನ್ನು ವಿಸ್ತಾರವಾಗಿ ವರ್ಣಿಸಿದ್ದಾರೆ. ದೀಕ್ಷಾಸ್ನಾನ, ಸತ್ಕಾರ್ಯ, ಸಿದ್ಧಾಂತಗಳ ಒಪ್ಪಿಗೆ ಇವೆಲ್ಲವನ್ನೂ ತಾವು ಒಂದು ಬಗೆಯ ಹೊಸ ಕರ್ಮಕಾಂಡವನ್ನಾಗಿ ಮಾಡಿಕೊಂಡಿದ್ದುದು ಅವರಿಗೆ ಆಗ ಗೋಚರಿಸಿತು. ಪಾಪಕ್ಷಮೆ ಗಳಿಸಬೇಕಾದದ್ದಲ್ಲ, ಉಚಿತವಾಗಿ ಸ್ವೀಕರಿಸಬೇಕಾದದ್ದು ಎಂಬ ಅರಿವಿನೊಂದಿಗೆ ಮನಸ್ಸು ಹಗುರವಾಯಿತು. ಪುಣ್ಯಸಂಪಾದನೆಗಾಗಿ ಇಡೀ ಕುಟುಂಬವೇ ಕೊನೆಯ ಕಾಸನ್ನೂ ವ್ಯಯಿಸಿ ಹಸಿವಿನಿಂದ ಸತ್ತದ್ದನ್ನು ಕಂಡವರಿಗೆ 'ಉಚಿತ' ಎಂಬ ಪದ ಎಷ್ಟು ತೂಕದ್ದಾಗಿದ್ದಿರಬಹುದೆಂದು ಊಹಿಸಬಹುದು. ಘಟನೆ ನಡೆದು ಹದಿನಾರು ವರ್ಷಗಳ ಬಳಿಕ, ದೃಢ ವಿಶ್ವಾಸಿಯಾಗಿ, ಕ್ರೈಸ್ತ ಓದುಗರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಕಥನ ಇದಾದ್ದರಿಂದ ಹಿಂದಿನ ವರ್ಷಗಳ ಚಿತ್ರಣ ಅದರಲ್ಲಿ ತುಸು ಕಪ್ಪಾಗಿದೆ ಎಂಬುದನ್ನೂ ಗಮನಿಸಬೇಕು.

ಈ ಬದಲಾವಣೆಯ ಸಾರ್ವಜನಿಕ ಪರಿಣಾಮ ಸುಖಕರವಾಗಿರಲಿಲ್ಲ. ರಮಾಬಾಯಿಯವರು ತಮ್ಮ ಕೋಣೆಯ ಬಾಗಿಲು ತೆರೆದಿಟ್ಟೇ ಪ್ರಾರ್ಥಿಸುತ್ತಿದ್ದರು. ಕೆಲವು ವಿದ್ಯಾರ್ಥಿನಿಯರು ಬಂದು ಕುಳಿತುಕೊಳ್ಳತೊಡಗಿದರು. ಇದು ಮರೆಯ ಮತಾಂತರವೆಂದು ಬಾಲಗಂಗಾಧರ ತಿಲಕರ 'ಕೇಸರಿ' ಪತ್ರಿಕೆ ಆಪಾದಿಸಿತು. ಯಾರನ್ನೂ ಕರೆದಿಲ್ಲ, ಬಂದವರನ್ನು ಹೊರಗಟ್ಟುವುದೂ ಇಲ್ಲ ಎಂಬುದು ರಮಾಬಾಯಿಯವರ ನಿಲುವು. 1893ರಲ್ಲಿ ಮಹಾದೇವ ಗೋವಿಂದ ರಾನಡೆ ಮತ್ತು ರಾ. ಗೋ. ಭಂಡಾರ್ಕರ್ ಸಲಹಾ ಮಂಡಳಿಯಿಂದ ಹೊರಬಂದರು. ಅನೇಕ ಪೋಷಕರು ಮಕ್ಕಳನ್ನು ಬಿಡಿಸಿಕೊಂಡು ಹೋದರು. ಧರ್ಮಪ್ರಚಾರವಿಲ್ಲವೆಂಬ ಭರವಸೆಯ ಮೇಲೆ ಮಕ್ಕಳನ್ನು ಕಳುಹಿಸಿದವರ ಅಸಮಾಧಾನಕ್ಕೆ ಕಾರಣವಿಲ್ಲದಿರಲಿಲ್ಲ. ವಿಧವೆಯೊಬ್ಬಳು ತನ್ನ ಧರ್ಮವನ್ನು ತಾನೇ ಆರಿಸಿಕೊಳ್ಳಬಹುದೆಂಬ ಮಾತು ಆ ಕಾಲದ ಸುಧಾರಕರಿಗೂ ನುಂಗಲಾಗದ ತುತ್ತಾಗಿತ್ತು ಎಂಬುದೂ ನಿಜ. ಜ್ಯೋತಿರಾವ್ ಫುಲೆಯವರು ಮಾತ್ರ ಇದಕ್ಕೂ ಬಹಳ ಮೊದಲೇ, 1885ರಲ್ಲಿ, ತಮ್ಮ 'ಸತ್ಸಾರ' ಪತ್ರಿಕೆಯಲ್ಲಿ ಅವರ ಮತಾಂತರವನ್ನು ಸಮರ್ಥಿಸಿದ್ದರು.

ಮುಕ್ತಿ

1896–97ರ ಕ್ಷಾಮದ ಸುದ್ದಿ ಬಂದಾಗ ರಮಾಬಾಯಿಯವರು ಮಧ್ಯಪ್ರಾಂತಗಳಿಗೆ ಹೊರಟರು. ಪರಿಹಾರ ಶಿಬಿರಗಳಲ್ಲಿ ಕಂಡ ಎಲುಬುಗೂಡಿನಂತಹ ಹುಡುಗಿಯರಲ್ಲಿ ಅವರಿಗೆ ಇಪ್ಪತ್ತೆರಡು ವರ್ಷಗಳ ಹಿಂದಿನ ತಾವೇ ಕಂಡರು. ಸುಮಾರು 300 ಹುಡುಗಿಯರನ್ನು ಕರೆತಂದರು. ಪುಣೆಯಲ್ಲಿ ಪ್ಲೇಗ್ ಇದ್ದುದರಿಂದ, ಹಣ್ಣಿನ ತೋಟಕ್ಕೆಂದು ಮೊದಲೇ ಕೊಂಡಿದ್ದ ಕೇಡಗಾಂವ್‌ನ ಜಮೀನಿನಲ್ಲಿ ಅವರಿಗೆ ಆಶ್ರಯ ಕಲ್ಪಿಸಲಾಯಿತು. ಇದೇ 'ಮುಕ್ತಿ'. 1900ರ ಗುಜರಾತ್ ಕ್ಷಾಮದ ಬಳಿಕ ಇಲ್ಲಿದ್ದವರ ಸಂಖ್ಯೆ ಎರಡು ಸಾವಿರದ ಸಮೀಪಕ್ಕೆ ಏರಿತು. ಶಾರದಾ ಸದನದಂತೆ ಇದು ಮೇಲ್ಜಾತಿಯವರಿಗೆ ಸೀಮಿತವಾಗಿರಲಿಲ್ಲ. ನೇಯ್ಗೆ, ಮುದ್ರಣ, ಎಣ್ಣೆ ತೆಗೆಯುವುದು, ಹೈನುಗಾರಿಕೆ, ಕೃಷಿ ಮುಂತಾದ ಕಸುಬುಗಳನ್ನು ಎಲ್ಲರಿಗೂ ಕಲಿಸಲಾಗುತ್ತಿತ್ತು. ಕೆಲಸವಿಲ್ಲದ ಪಾಂಡಿತ್ಯ ತಮ್ಮ ಕುಟುಂಬವನ್ನು ಉಳಿಸಲಿಲ್ಲವೆಂಬ ಪಾಠ ಇದರ ಹಿಂದಿದೆ. ಅಂಧರಿಗಾಗಿ ಶಾಲೆಯೂ, ಫುಲ್ಹಮ್‌ನ ನೆನಪನ್ನು ತರುವ 'ಕೃಪಾ ಸದನ'ವೂ ಸೇರಿಕೊಂಡವು.

ಹಣದ ವಿಷಯದಲ್ಲಿ ಅವರ ವಿಶ್ವಾಸ ಹೊಸ ರೂಪ ತಳೆಯಿತು. ಬ್ರಿಸ್ಟಲ್‌ನಲ್ಲಿ ಅನಾಥಾಲಯ ನಡೆಸಿದ ಜಾರ್ಜ್ ಮುಲ್ಲರ್ ಮೊದಲಾದವರ ಚರಿತ್ರೆಗಳನ್ನು ಓದಿದ್ದ ಅವರು, ಬಾಸ್ಟನ್ ಸಂಘದ ಹತ್ತು ವರ್ಷದ ಅವಧಿ ಮುಗಿಯುತ್ತಿದ್ದಂತೆ ಪ್ರಾರ್ಥನೆಯನ್ನೇ ನೆಚ್ಚಿ ಮುಂದುವರಿಯಲು ನಿರ್ಧರಿಸಿದರು. ವರದಿಗಳನ್ನೂ ಪತ್ರಗಳನ್ನೂ ಅವರು ನಿಲ್ಲಿಸಲಿಲ್ಲ, ದೇಶವಿದೇಶಗಳ ಕಾಣಿಕೆಗಳು ಬಹುಮಟ್ಟಿಗೆ ಅವುಗಳ ಮೂಲಕವೇ ಬಂದವು.

1905ರ ಜನವರಿಯಲ್ಲಿ ಪ್ರತಿದಿನ ಕೂಡಿ ಪ್ರಾರ್ಥಿಸಲು ಇಚ್ಛೆಯುಳ್ಳವರನ್ನು ಕರೆದಾಗ ಸುಮಾರು 70 ಮಂದಿ ಮುಂದೆ ಬಂದರು. ಜೂನ್ ಕೊನೆಯ ವೇಳೆಗೆ ಅದು ಪಶ್ಚಾತ್ತಾಪ, ಕಣ್ಣೀರು, ಗಟ್ಟಿಧ್ವನಿಯ ಪ್ರಾರ್ಥನೆಗಳ ಆಧ್ಯಾತ್ಮಿಕ ಪುನರುಜ್ಜೀವನವಾಗಿ ಬೆಳೆಯಿತು. ಇದು ಭಾವಾತಿರೇಕವೆಂಬ ಟೀಕೆ ಬಂದಾಗ, ಭಾರತೀಯ ಸ್ತ್ರೀಯರು ತಮ್ಮ ರೀತಿಯಲ್ಲಿ ದೇವರನ್ನು ಕರೆಯಲು ಬಿಡಬೇಕೆಂದು ರಮಾಬಾಯಿ ಉತ್ತರಿಸಿದರು. ಸಹೋದ್ಯೋಗಿ ಮಿನ್ನೀ ಏಬ್ರಮ್ಸ್ ಇದರ ಬಗ್ಗೆ ಬರೆದ ಪುಸ್ತಿಕೆ ಚಿಲಿ ದೇಶವನ್ನು ತಲುಪಿ, ಅಲ್ಲಿನ ಪೆಂಟಕೋಸ್ಟಲ್ ಚಳವಳಿಯ ಪ್ರೇರಣೆಗಳಲ್ಲಿ ಒಂದಾಯಿತು.

ಕೊನೆಯ ವರ್ಷಗಳು ಮತ್ತು ಬೈಬಲ್ ಅನುವಾದ

ಜೀವನದ ಕೊನೆಯ ಹದಿನೈದಕ್ಕೂ ಹೆಚ್ಚು ವರ್ಷಗಳನ್ನು ರಮಾಬಾಯಿಯವರು ಮುಖ್ಯವಾಗಿ ಬೈಬಲ್ ಅನುವಾದಕ್ಕೆ ಮೀಸಲಿಟ್ಟರು. ಪ್ರಚಲಿತವಾಗಿದ್ದ ಮರಾಠಿ ಬೈಬಲಿನ ಸಂಸ್ಕೃತಭೂಯಿಷ್ಠ ಭಾಷೆ ಮುಕ್ತಿಯ ಹೆಣ್ಣುಮಕ್ಕಳಿಗೆ ಅರ್ಥವಾಗುತ್ತಿರಲಿಲ್ಲ. ಕಲ್ಕತ್ತದಲ್ಲಿ ತಮ್ಮ ಕೈಗೆ ಬಂದ ಸಂಸ್ಕೃತ ಬೈಬಲು ಮಹಾಪಂಡಿತೆಯಾದ ತಮಗೇ ಅರ್ಥವಾಗದ್ದನ್ನು ಅವರು ಮರೆತಿರಲಾರರು. ಹೀಬ್ರೂ ಮತ್ತು ಗ್ರೀಕ್ ಕಲಿತು, ಮೂಲದಿಂದ ಸರಳ ಮರಾಠಿಗೆ ಅನುವಾದಿಸಿದರು. ಅಚ್ಚುಮೊಳೆ ಜೋಡಿಸುವುದರಿಂದ ಹಿಡಿದು ಮುದ್ರಣದ ಕೆಲಸಗಳನ್ನು ಆಶ್ರಮದ ಸ್ತ್ರೀಯರೇ ನಿರ್ವಹಿಸಿದರು.

ಮಗಳು ಮನೋರಮಾ ಆಶ್ರಮದ ಆಡಳಿತದಲ್ಲಿ ಬಲಗೈಯಾಗಿದ್ದರು. ಆಗ ಹೈದರಾಬಾದ್ ಸಂಸ್ಥಾನದಲ್ಲಿದ್ದ ಗುಲ್ಬರ್ಗಾದಲ್ಲಿ (ಇಂದಿನ ಕಲಬುರಗಿ) 1912ರ ಸುಮಾರಿಗೆ ರಮಾಬಾಯಿ ಆರಂಭಿಸಿದ ಶಾಲೆಯ ಹೊಣೆಯನ್ನೂ ಹೊತ್ತರು. ಕನ್ನಡ ನಾಡಿಗೂ ಡೋಂಗ್ರೆ ಕುಟುಂಬಕ್ಕೂ ಇದ್ದ ಸಂಬಂಧ ಹೀಗೆ ಮತ್ತೊಂದು ದಿಕ್ಕಿನಿಂದ ಮರಳಿತು. ತಾಯಿಯ ಉತ್ತರಾಧಿಕಾರಿಯೆಂದೇ ಎಲ್ಲರೂ ಭಾವಿಸಿದ್ದ ಮನೋರಮಾ 1921ರ ಜುಲೈ 24ರಂದು ನಲವತ್ತನೆಯ ವಯಸ್ಸಿನಲ್ಲಿ ತೀರಿಕೊಂಡರು. ತಂದೆ, ತಾಯಿ, ಅಕ್ಕ, ಅಣ್ಣ, ಪತಿ, ಈಗ ಮಗಳು: ಹತ್ತಿರದವರೆಲ್ಲರನ್ನೂ ಕಳೆದುಕೊಂಡ ಮೇಲೂ ರಮಾಬಾಯಿ ಅನುವಾದದ ಕರಡು ತಿದ್ದುವುದನ್ನು ಮುಂದುವರಿಸಿದರು. ಒಂಬತ್ತು ತಿಂಗಳೊಳಗೆ, 1922ರ ಏಪ್ರಿಲ್ 5ರಂದು ನಿಧನರಾದರು. ಪೂರ್ಣ ಬೈಬಲ್ ಅವರ ಮರಣದ ಬಳಿಕ, 1924ರಲ್ಲಿ ಹೊರಬಂತು.

ಮೌಲ್ಯಮಾಪನ

ಸ್ವಾತಂತ್ರ್ಯಾನಂತರದ ದಶಕಗಳಲ್ಲಿ ರಮಾಬಾಯಿಯವರ ಹೆಸರು ಸುಧಾರಣಾ ಚಳವಳಿಯ ಚರಿತ್ರೆಗಳಲ್ಲಿ ಹಿಂದೆ ಸರಿದಿತ್ತು. ಉಮಾ ಚಕ್ರವರ್ತಿ, ಮೀರಾ ಕೊಸಾಂಬಿ, ಗೌರಿ ವಿಶ್ವನಾಥನ್ ಮುಂತಾದವರ ಅಧ್ಯಯನಗಳು ಅವರನ್ನು ಮತ್ತೆ ಚರ್ಚೆಗೆ ತಂದವು. ಸ್ತ್ರೀವಾದಿ ಓದುಗಳಲ್ಲಿ ಅವರ ಪ್ರಾರ್ಥನೆಯೂ, ಭಕ್ತಿಪರ ಬರಹಗಳಲ್ಲಿ ಅವರ ಜಗಳಗಳೂ ಹಿನ್ನೆಲೆಗೆ ಸರಿಯುವುದುಂಟು. ಭಾರತದ ಅಂಚೆ ಇಲಾಖೆ 1989ರಲ್ಲಿ ಅವರ ಸ್ಮರಣಾರ್ಥ ಅಂಚೆಚೀಟಿ ಹೊರಡಿಸಿತು. ಅಮೆರಿಕದ ಎಪಿಸ್ಕೋಪಲ್ ಸಭೆ ಏಪ್ರಿಲ್ 5ರಂದು, ಇಂಗ್ಲೆಂಡಿನ ಸಭೆ ಏಪ್ರಿಲ್ 30ರಂದು ಅವರನ್ನು ಸ್ಮರಿಸುತ್ತವೆ. ಅವರು ಸ್ಥಾಪಿಸಿದ ಸಂಸ್ಥೆ ಕೇಡಗಾಂವ್‌ನಲ್ಲಿ ಇಂದಿಗೂ ಅಸ್ತಿತ್ವದಲ್ಲಿದ್ದು, ನಿರಾಶ್ರಿತ ಸ್ತ್ರೀಯರಿಗೂ ಮಕ್ಕಳಿಗೂ ಆಶ್ರಯ ನೀಡುತ್ತಿದೆ.